ಮದ್ದು ಹಾಕಿ ಆಯ್ತು

ಕೊರಗಪ್ಪಣ್ಣನ ಸಿಟ್ಟು ಮೂಗಿನ ತುದಿಯಲ್ಲಿತ್ತು ಎಂದರೆ ಮೂಗಿಗೆ ಅನ್ಯಾಯ ಮಾಡಿದಂತಾಗುತ್ತದೆ. ಆ ವರ್ಷ ಅದು ಅಲ್ಲಿಯೂ ನಿಲ್ಲುತ್ತಿರಲಿಲ್ಲ, ಎದುರಿಗೆ ಸಿಕ್ಕಿದವರ ಮೇಲೆ ಬೀಳುತ್ತಿತ್ತು. ಯಾರೂ ಸಿಗದಿದ್ದರೆ ಮದ್ದಿನ ಡಬ್ಬಿ ಇದ್ದೇ ಇತ್ತು.

“ಇದನ್ನು ಮದ್ದು ಅಂತ ಹೇಳುದಾ? ಇರುವೆ ಬಂದ್ರೆ ಸುತ್ತ ಹಾಕ್ಲಿಕ್ಕೆ ಆದೀತು, ಅಷ್ಟೆ!” ಎಂದು ಡಬ್ಬಿಯ ಮುಚ್ಚಳವನ್ನು ಮೇಜಿನ ಮೇಲೆ ಕುಕ್ಕುತ್ತಿದ್ದ.

ಎದುರು ಕುಳಿತ ಶಾಮಸುಂದರ ತಲೆ ಎತ್ತುತ್ತಿರಲಿಲ್ಲ. ಮೈಸೂರು ಕಡೆಯ ಮನುಷ್ಯ, ಬೈಗುಳವನ್ನು ಫ್ಯಾನಿನ ಗಾಳಿಯಷ್ಟೇ ಸಹಜವಾಗಿ ಸ್ವೀಕರಿಸುವುದನ್ನು ಕಲಿತಿದ್ದ.

ಇವರಿಬ್ಬರ ಕೆಲಸ ಎಂಥದ್ದೆಂದು ಮೊದಲು ಹೇಳಿಬಿಡುತ್ತೇನೆ. ಅಬುಧಾಬಿ ದಾಟಿ ರುವೈಸಿನ ಕಡೆ ಹೋಗುವ ಹೆದ್ದಾರಿಯ ಬಗಲಿಗೆ ಒಂದು ಶೂಟಿಂಗ್ ಕ್ಲಬ್ಬು ಇದೆ. ಉಳ್ಳವರು ಬಂದು ಬಾಡಿಗೆಯ ಬಂದೂಕಿನಲ್ಲಿ ಕಾಗದಕ್ಕೆ ತೂತು ಹೊಡೆದು, ಕಾಫಿ ಕುಡಿದು ಹೋಗುವ ಜಾಗ. ಅಲ್ಲಿ ಹೊಡೆದು ಮುಗಿದ ರಿವಾಲ್ವರಿನ ಹಿತ್ತಾಳೆ ಕೇಸುಗಳನ್ನು ಎಸೆಯುವುದಿಲ್ಲ. ತೊಳೆದು, ಬುಡಕ್ಕೆ ಕಿಡಿ ಹಾರಿಸುವ ಹೊಸ ಕೇಪು ಒತ್ತಿ, ಒಳಗೆ ಅಳತೆಯ ಮದ್ದು ಸುರಿದು, ಬಾಯಿಗೆ ಗುಂಡು ಕೂರಿಸಿದರೆ ಮತ್ತೆ ತೋಟೆ ತಯಾರು. ಅದಕ್ಕೆಂದೇ ಹಿತ್ತಿಲ ಬದಿಗೆ ಒಂದು ಸಣ್ಣ ಕೋಣೆ. ಸುರಿಯುವವನು ಕೊರಗಪ್ಪಣ್ಣ, ಕೂರಿಸುವವನು ಶಾಮಸುಂದರ. ಕ್ಲಬ್ಬಿನವರು ಅದನ್ನು ಲೋಡಿಂಗ್ ರೂಮ್ ಅಂದರೆ, ಕೊರಗಪ್ಪಣ್ಣ ಮದ್ದಿನ ಕೋಣೆ ಅನ್ನುತ್ತಿದ್ದ, ಆ ಕೋಣೆಯನ್ನು ತನ್ನ ಹೆಸರಿಗೆ ಬರೆದುಕೊಟ್ಟಿದ್ದಾರೆ ಎನ್ನುವ ಧಾಟಿಯಲ್ಲಿ.

ಅವನು ಕಾರ್ಕಳದ ಕಡೆಯವ. ಸೋದರಮಾವನ ಮನೆಯಲ್ಲಿ ಪರವಾನಗಿ ಇದ್ದ ಒಂದು ಕೇಪಿನ ಕೋವಿ ಇತ್ತು. ಬೆಳೆಗೆ ಬರುವ ಹಂದಿಯನ್ನು ಓಡಿಸುವುದಕ್ಕೆ ಮಾವ ಅದನ್ನು ತುಂಬುವಾಗ ಪಕ್ಕ ಕುಳಿತು ನೋಡಿದ್ದ, ಅಷ್ಟೆ. ಮುಂದೆ ಗಲ್ಫಿಗೆ ಬಂದದ್ದು ಎ.ಸಿ. ರಿಪೇರಿಗೆ. ರುವೈಸಿನ ಕಂಪೆನಿ ಕ್ವಾರ್ಟರ್ಸುಗಳಲ್ಲಿ ವರ್ಷಗಟ್ಟಲೆ ಇಂಜಿನಿಯರುಗಳ ಮನೆ ತಂಪು ಮಾಡಿ, ತಾನು ಬಿಸಿಲಲ್ಲಿ ಒಣಗಿದ. ಆಮೇಲೆ ಈ ಕ್ಲಬ್ಬಿಗೆ ಬಂದು, ಹೊರಗಿನ ಮೈದಾನದಲ್ಲಿ ಗುರಿಗೆಂದು ಆಕಾಶಕ್ಕೆ ಮಣ್ಣಿನ ಬಿಲ್ಲೆ ಎಸೆಯುವ ಯಂತ್ರಗಳಿಗೆ ಎಣ್ಣೆ ಹಾಕುತ್ತಿದ್ದ. ಲೋಡಿಂಗ್ ರೂಮ್ ಶುರುವಾದಾಗ “ಇದು ಯಾರಿಗಾದ್ರೂ ಗೊತ್ತುಂಟಾ?” ಎಂದು ಕೇಳಿದರು. ಕೊರಗಪ್ಪಣ್ಣ ಕೈ ಎತ್ತಿದ. ಗೊತ್ತಿದ್ದದ್ದು ಕೇಪು, ಮದ್ದು, ಗುಂಡು ಎಂಬ ಮೂರು ಶಬ್ದ. ಉಳಿದದ್ದನ್ನು ಕ್ಲಬ್ಬಿನ ತರಬೇತಿಯಲ್ಲಿ ಕಲಿತ, ಚೆನ್ನಾಗಿಯೇ ಕಲಿತ. ಕಲಿತದ್ದಕ್ಕಿಂತ ಒಂದು ಮುಷ್ಟಿ ಹೆಚ್ಚೇ ಜಂಭವೂ ಬಂತು.

ಶಾಮಸುಂದರ ಸೇರಿದ ಮೇಲೆ ಕೊರಗಪ್ಪಣ್ಣ ಅವನಿಗೆ ತುಳು ಕಲಿಸತೊಡಗಿದ. ಯಾರೂ ಕೇಳಿರಲಿಲ್ಲ. “ತುಳು ಬಾರದವ ಗಲ್ಫಲ್ಲಿ ಹೇಗೆ ಬದುಕುದು ಮಾರಾಯ?” ಎಂಬುದು ಅವನ ವಾದ. ಮದ್ದಿಗೆ ತುಳುವಿನಲ್ಲಿ ಮರ್ದ್. ಹಾಕುವುದು ಅಂದರೆ ಪಾಡುನಿ, ತಿನ್ನುವುದು ಅಂದರೆ ತಿನ್ಪುನಿ. ಒಂದು ತಟ್ಟೆಯ ಕೇಸುಗಳಿಗೆಲ್ಲ ಮದ್ದು ಸುರಿದು ಮುಗಿದ ಕೂಡಲೇ ಕೊರಗಪ್ಪಣ್ಣ ಗಟ್ಟಿಯಾಗಿ ಕೂಗುತ್ತಿದ್ದ: “ಮರ್ದ್ ಪಾಡ್ದ್ ಆಂಡ್!” ಮದ್ದು ಹಾಕಿ ಆಯ್ತು ಎಂದು. ಅದನ್ನು ಕೇಳಿ ಶಾಮಸುಂದರ ಆ ಮರದ ತಟ್ಟೆಯನ್ನು ತನ್ನ ಕಡೆಗೆ ಎಳೆದುಕೊಂಡು ಗುಂಡು ಕೂರಿಸಬೇಕು. ಇದು ಆ ಕೋಣೆಯ ಪದ್ಧತಿ.

ಕ್ಲಬ್ಬಿನ ನಿಯಮ ಬೇರೆ ಇತ್ತು. ಗುಂಡು ಕೂರಿಸುವವನು ಮೊದಲು ಪ್ರತಿಯೊಂದು ಕೇಸಿನೊಳಗೂ ಟಾರ್ಚು ಬಿಟ್ಟು ನೋಡಬೇಕು. ಶುರುವಿನಲ್ಲಿ ಶಾಮಸುಂದರ ನೋಡುತ್ತಿದ್ದ. ಕೊರಗಪ್ಪಣ್ಣನಿಗೆ ಅದು ಸರಿಬರಲಿಲ್ಲ. “ಎಂತ ಇಣುಕುದು? ನಾನು ಹಾಕಿದ್ದೇನೆ ಅಂತ ಹೇಳಿದ್ಮೇಲೆ ಹಾಕಿದ್ದೇನೆ. ನನ್ನ ಮೇಲೆ ನಂಬಿಕೆ ಇಲ್ವಾ?” ಎಂದು ಎಗರಿದ. ದೊಡ್ಡವರ ಸಂಗಡ ಜಗಳ ಯಾಕೆಂದು ಶಾಮಸುಂದರ ಟಾರ್ಚನ್ನು ಡ್ರಾಯರಿಗೆ ಹಾಕಿದ. ಕೂಗಿಗೇ ಬೆಲೆ ಬಂತು.

ಇನ್ನು ಸಿಟ್ಟಿನ ಕಾರಣಕ್ಕೆ ಬರೋಣ.

ತೋಟೆ ತುಂಬುವುದರಲ್ಲಿ ಕಷ್ಟ ಇರುವುದು ಕೈಕೆಲಸದಲ್ಲಲ್ಲ, ಜೋಡಿ ಕೂಡಿಸುವುದರಲ್ಲಿ. ಯಾವ ಗುಂಡಿಗೆ ಯಾವ ಮದ್ದು ಎನ್ನುವುದರಲ್ಲಿ. ಬರೀ ಸೀಸದ ಗುಂಡು ಮೆತ್ತಗೆ, ನಳಿಗೆಗೆ ಹಿತ. ಆದರೆ ಗುರಿ ಹೊಡೆಯುವ ಒಳಗಿನ ಹಾಲಿನಲ್ಲಿ ಹೊಗೆ, ಸೀಸದ ಧೂಳು ಎಂದು ಕ್ಲಬ್ಬು ಅದಕ್ಕೆ ಅಡ್ಡಿ ಹಾಕಿತ್ತು. ತಾಮ್ರ ಹೊದಿಸಿದ ಗುಂಡು ಆಗಬಹುದು. ಆದರೆ ಅದು ಗಟ್ಟಿ, ಮದ್ದು ಸ್ವಲ್ಪ ನಿಶ್ಶಕ್ತಿಯಾದರೆ ನಳಿಗೆಯಲ್ಲೇ ಕುಳಿತುಬಿಡುತ್ತದೆ. ಗುಂಡಿನ ತೂಕ ಕಡಿಮೆಯಾದರೆ ಗುರಿಗಿಂತ ಕೆಳಗೆ ಬೀಳುತ್ತದೆ, ಹೆಚ್ಚಾದರೆ ರಿವಾಲ್ವರ್ ಮೇಲಕ್ಕೆ ಒದ್ದು ಗುರಿಗಿಂತ ಮೇಲೆ. ಮೂಗು ಚಪ್ಪಟೆ ಇದ್ದರೆ ಕಾಗದದಲ್ಲಿ ದುಂಡಗಿನ ಚೊಕ್ಕ ತೂತು, ಚೂಪಾಗಿದ್ದರೆ ಹರಿದ ತೂತು. ಚಪ್ಪಟೆ ಮೂಗಿನ, ನಡು ತೂಕದ, ತಾಮ್ರ ಹೊದಿಸಿದ ಗುಂಡು ಬೇಕೆಂದು ಕೇಳಿದರೆ, ಪರ್ಮಿಟ್ಟಿನಲ್ಲಿ ಬೇರೇನೋ ಇದೆಯೆಂದು ಚೂಪು ಮೂಗಿನ ಭಾರದ್ದು ಬಂದು ಇಳಿಯುತ್ತಿತ್ತು. ಅಂತೂ ಒಂದಕ್ಕೆ ಹೊಂದಿಸಿಕೊಂಡ ಎನ್ನುವಾಗ ಸ್ಟೋರಿನವ ಅರಬ್ಬಿಯಲ್ಲಿ “ಮಾಫಿ” ಎಂದು ಕೈ ಅಲ್ಲಾಡಿಸುತ್ತಿದ್ದ. ಮುಗಿಯಿತು, ಇನ್ನು ಅದು ಬರುವುದಿಲ್ಲ.

ಮದ್ದಿನದ್ದು ಇದಕ್ಕಿಂತ ದೊಡ್ಡ ರಗಳೆ. ಕ್ಲಬ್ಬು ತರಿಸುತ್ತಿದ್ದುದು ನುಣ್ಣನೆಯ, ಚುರುಕಾದ ಮದ್ದು. ಚಿಟಿಕೆಯಷ್ಟು ಸಾಕು. ರಿವಾಲ್ವರಿನ ಕೇಸು ಉದ್ದ, ಮದ್ದು ಅದರ ತಳದಲ್ಲೆಲ್ಲೋ ಅಡಗಿ ಕೂರುತ್ತದೆ. ಕೊರಗಪ್ಪಣ್ಣನಿಗೆ ಬೇಕಾದದ್ದು ಹಗುರ ಚಕ್ಕೆಯಂಥ ಇನ್ನೊಂದು ಜಾತಿ. ಅವನು ಅದನ್ನು ಉಬ್ಬುಮದ್ದು ಅನ್ನುತ್ತಿದ್ದ. ಅದು ಕೇಸಿನ ನಡುವಿಗಿಂತ ಮೇಲಕ್ಕೇ ತುಂಬಿ ನಿಲ್ಲುತ್ತದೆ. ಎರಡು ಸಲ ಸುರಿದರೆ ಹೊರಗೆ ಚೆಲ್ಲಿ ನಿಮ್ಮ ಮರ್ಯಾದೆ ತೆಗೆಯುತ್ತದೆ, ಸುರಿಯದಿದ್ದರೆ ಖಾಲಿ ಬಾವಿ ಕಾಣುತ್ತದೆ.

ಮ್ಯಾನೇಜರ್ ಕ್ಲಾರೆನ್ಸ್ ಒಪ್ಪುತ್ತಿರಲಿಲ್ಲ. ಮಂಗಳೂರಿನವರ ಮಗನೇ, ಆದರೆ ಹುಟ್ಟಿ ಬೆಳೆದದ್ದೆಲ್ಲ ಅಬುಧಾಬಿಯಲ್ಲಿ. ಇಂಗ್ಲಿಷು, ಹಿಂದಿ, ಇಗರ್ಜಿಯ ಪೂಜೆಗೆ ಸಾಕಾಗುವಷ್ಟು ಕೊಂಕಣಿ. ಕನ್ನಡ ಅರ್ಧ ತಿಳಿಯುತ್ತಿತ್ತು, ತುಳು ಪೂರ್ತಿ ಹೋಗಿತ್ತು. “ಕೊರಗಪ್ಪ, ಒಂದು ಡಬ್ಬಿ ನುಣುಪು ಪೌಡರಿನಲ್ಲಿ ಎಷ್ಟೊಂದು ರೌಂಡ್ಸ್ ಆಗ್ತದೆ, ಯು ನೋ ದಟ್. ವೈ ಚೇಂಜ್?” ಎಂದು ಲ್ಯಾಪ್‌ಟಾಪಿನಿಂದ ಕಣ್ಣೆತ್ತದೆ ಕೇಳುತ್ತಿದ್ದ.

“ಗುರಿ ನಿಲ್ಲುದಿಲ್ಲ ಸಾರ್. ಈ ಮದ್ದಲ್ಲಿ ಗುರಿ ನಿಲ್ಲುದೇ ಇಲ್ಲ.”

ಇದು ಸುಳ್ಳಾಗಿರಲಿಲ್ಲ. ಹೊಸ ಮದ್ದು, ಹೊಸ ಗುಂಡು ಬಂದಾಗಲೆಲ್ಲ ಕೊರಗಪ್ಪಣ್ಣ ರಿವಾಲ್ವರನ್ನು ಮರಳಿನ ಚೀಲದ ಮೇಲಿಟ್ಟು, ಉಸಿರು ಬಿಗಿಹಿಡಿದು ತಾನೇ ಹೊಡೆದು ನೋಡುತ್ತಿದ್ದ. ಮೊದಲೆಲ್ಲ ತೂತುಗಳು ಒಂದರ ಮೈಮೇಲೊಂದು ಬೀಳುತ್ತಿದ್ದವು. ಈಗ ಕಾಗದದ ಮೇಲೆ ಹುರುಳಿ ಚೆಲ್ಲಿದ ಹಾಗೆ. ಗುಂಡಿನ ತೂಕ ಬದಲಿಸಿದ, ಚೆಲ್ಲಿತು. ಮೂಗು ಬದಲಿಸಿದ, ಚೆಲ್ಲಿತು. ಅಳತೆಯ ಮಿತಿಯೊಳಗೆ ಮದ್ದನ್ನು ತುಸು ಏರಿಸಿದ, ಇಳಿಸಿದ, ಇನ್ನೂ ಚೆಲ್ಲಿತು. ಪಾಪ, ಹಟ ಬಿಡದೆ ತಿಂಗಳುಗಟ್ಟಲೆ ಜೋಡಿ ಹುಡುಕಿದ. ಕಡೆಗೆ ತಪ್ಪೆಲ್ಲ ಆ ನುಣ್ಣನೆಯ ಮದ್ದಿನದ್ದೇ ಎಂದು ತೀರ್ಮಾನ ಕೊಟ್ಟ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಆದರೆ ಅವಳಿಗೂ ತನ್ನ ಕಾಲಿನ ಸಂಗತಿ ಗೊತ್ತಿರಲಿಲ್ಲವೋ ಏನೋ.

ಗೊತ್ತುಮಾಡಿದ್ದು ಹೆಂಡತಿ ವಾರಿಜಾಕ್ಷಿ. ಅಬುಧಾಬಿಯ ಟೂರಿಸ್ಟ್ ಕ್ಲಬ್ ಏರಿಯಾದ ಅವರ ಫ್ಲ್ಯಾಟಿನಲ್ಲಿ ಗಂಡ ಎರಡು ಸಲ ಚಹಾವನ್ನು ಲೋಟದ ಪಕ್ಕಕ್ಕೆ ಸುರಿದ. ಮೂರನೆಯ ಸಲ ಅವಳು ಸುಮ್ಮನಿರಲಿಲ್ಲ. ಅಬುಧಾಬಿಯ ಡಾಕ್ಟರು ಬೇಡ, ಗುರುತಿನವರು ನೋಡಿದರೆ ಕ್ಲಬ್ಬಿಗೆ ಸುದ್ದಿ ಮುಟ್ಟುತ್ತದೆ ಎಂದು ಅವನು ಹಟ ಮಾಡಿದ್ದಕ್ಕೆ, ದುಬೈಗೆ ಕರೆದುಕೊಂಡು ಹೋಗಿ ಊದ್ ಮೇಥಾದ ಒಂದು ಕಣ್ಣಿನ ಕ್ಲಿನಿಕ್ಕಿನಲ್ಲಿ ಕೂರಿಸಿದಳು. ಕಣ್ಣಿನೊಳಗೆ ಒತ್ತಡ ಏರಿ ನರ ಸವೆದಿದೆ, ಬಲಗಣ್ಣಿನದ್ದು ಹೆಚ್ಚು. ಮಬ್ಬು ಬೆಳಕಿನಲ್ಲಿ ಕಾಣುವುದು ಕಷ್ಟ. ಹೋದದ್ದು ಹೋಯಿತು, ಉಳಿದದ್ದನ್ನು ಉಳಿಸಿಕೊಳ್ಳುವುದಕ್ಕೆ ದಿನವೂ ಹೊತ್ತಿಗೆ ಸರಿಯಾಗಿ ಕಣ್ಣಿಗೆ ಮದ್ದು ಬಿಡಬೇಕು, ಜೀವನಪೂರ್ತಿ, ಎಂದರು ಅಲ್ಲಿನ ಡಾಕ್ಟರು.

ಕೊರಗಪ್ಪಣ್ಣ ಯಾರಿಗೂ ಹೇಳಲಿಲ್ಲ. ಹೇಳಿದರೆ ಮದ್ದಿನ ಕೋಣೆ ಹೋಗುತ್ತದೆ. ಕೇಸಿನ ತಳ ಕಾಣದವನನ್ನು ಮದ್ದು ಸುರಿಯುವುದಕ್ಕೆ ಯಾರು ಇಟ್ಟುಕೊಳ್ಳುತ್ತಾರೆ? ಆ ಕೋಣೆ ಬಿಟ್ಟರೆ ತಾನು ಯಾರು ಎಂದು ಅವನಿಗೆ ಗೊತ್ತಿರಲಿಲ್ಲ. ಬೇರೆಡೆ ಅವನನ್ನು ಎಲ್ಲರೂ “ಹಲೋ, ಟೆಕ್ನಿಶಿಯನ್” ಅನ್ನುತ್ತಿದ್ದರು. ಅಲ್ಲಿ ಮಾತ್ರ ಅವನ ಮಾತು ನಡೆಯುತ್ತಿತ್ತು. ಉಬ್ಬುಮದ್ದು ಬಂದರೆ ಈ ಕಣ್ಣಿನಲ್ಲೂ ಸುಧಾರಿಸಬಹುದು ಎಂದು ಲೆಕ್ಕ ಹಾಕಿ, ಕ್ಲಾರೆನ್ಸನ ಬೆನ್ನು ಇನ್ನಷ್ಟು ಬಿದ್ದ. ಅವನು ಇನ್ನಷ್ಟು ಗಟ್ಟಿಯಾಗಿ ಇಲ್ಲ ಎಂದ.

ಆ ಬುಧವಾರ ಬೆಳಿಗ್ಗೆಯೇ ಮನಸ್ಸು ಕೆಟ್ಟಿತ್ತು. ಮತ್ತೆ ಅದೇ ನುಣ್ಣನೆಯ ಮದ್ದಿನ ಡಬ್ಬಿಗಳು ಬಂದಿದ್ದವು, ಜೊತೆಗೆ ಯಾರೂ ಕೇಳದ ತೂಕದ ಗುಂಡು. ಬೈಯುತ್ತಲೇ ಒಂದು ತಟ್ಟೆ ಮುಗಿಸಿ ಶಾಮಸುಂದರನಿಗೆ ದಾಟಿಸಿದ. ಎರಡನೆಯ ತಟ್ಟೆಯ ಕೇಸುಗಳನ್ನು ಮೇಜಿನ ನಡುವೆ ಇಟ್ಟು ಅಳತೆಯ ಯಂತ್ರಕ್ಕೆ ಮದ್ದು ತುಂಬಬೇಕು ಎನ್ನುವಾಗ ಬಾಗಿಲಾಚೆ ಫೋನು ಹೊಡೆದುಕೊಂಡಿತು. ಮದ್ದಿನ ಕೋಣೆಯೊಳಗೆ ಫೋನು ತರುವ ಹಾಗಿಲ್ಲ, ಹೊರಗೆ ಒಂದು ಬುಟ್ಟಿಯಲ್ಲಿ ಇಡಬೇಕು. ಕೊರಗಪ್ಪಣ್ಣ ಎದ್ದು ಹೋಗಿ, ಬಾಗಿಲನ್ನು ಕಾಲಲ್ಲಿ ತಡೆದು ನಿಂತು ಫೋನೆತ್ತಿದ.

ವಾರಿಜಾಕ್ಷಿ. “ಕಣ್ಣ್‌ಗ್ ಮರ್ದ್ ಪಾಡ್ಯರಾ?” ಕಣ್ಣಿಗೆ ಮದ್ದು ಹಾಕಿದಿರಾ ಎಂದು.

ಹಾಕಿರಲಿಲ್ಲ. ಮರೆತಿದ್ದ. ಹಾಗೆಂದು ಹೇಳಿದರೆ ಅವಳು ಪುರಾಣ ಬಿಚ್ಚುತ್ತಾಳೆ. ಬಂದೂಕಿನ ಸದ್ದಿನ ನಡುವೆ ವರ್ಷಗಟ್ಟಲೆ ಇದ್ದು ಕಿವಿ ಮಂದವಾದವನು, ಫೋನಿನಲ್ಲಿ ಮಾತಾಡುವುದು ಎಂದರೆ ಕೂಗುವುದೇ. ಕೂಗಿದ:

“ಮರ್ದ್ ಪಾಡ್ದ್ ಆಂಡ್! ಮರ್ದ್ ಪಾಡ್ದ್ ಆಂಡ್ ಮಾರಾಯ್ತಿ!”

ಸುಳ್ಳು ಹೇಳಿದ್ದಕ್ಕೆ ಮನಸ್ಸು ಚುಚ್ಚಿ, ಹಾಗೇ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ಎರಡೂ ಕಣ್ಣಿಗೆ ಹನಿ ಬಿಟ್ಟುಕೊಂಡ. ಉರಿ ತಗ್ಗುವವರೆಗೆ ತಲೆ ಎತ್ತಿ ನಿಂತ.

ಒಳಗೆ ಶಾಮಸುಂದರ ಮೊದಲ ತಟ್ಟೆ ಮುಗಿಸಿದ್ದ. ಕೂಗು ಕೇಳಿತು. ಅವನ ತುಳುವಿನಲ್ಲಿ ಮರ್ದ್‌ಗೆ ಇದ್ದದ್ದು ಒಂದೇ ಅರ್ಥ, ಕೊರಗಪ್ಪಣ್ಣ ಕಲಿಸಿದ್ದ ಅರ್ಥ. ಕೈ ಚಾಚಿ ಎರಡನೆಯ ತಟ್ಟೆಯನ್ನು ಎಳೆದುಕೊಂಡು, ಸಾಲಾಗಿ ಗುಂಡು ಕೂರಿಸಿ ಪೆಟ್ಟಿಗೆಗೆ ತುಂಬಿಬಿಟ್ಟ.

ಕೊರಗಪ್ಪಣ್ಣ ಮರಳಿ ಬಂದಾಗ ಹನಿಯಿಂದ ಕಣ್ಣು ಮಂಜು ಮಂಜಾಗಿತ್ತು. ಮೇಜು ಖಾಲಿ ಇತ್ತು. ತಾನಿನ್ನೂ ಎರಡನೆಯ ತಟ್ಟೆಯನ್ನು ಇಟ್ಟೇ ಇರಲಿಲ್ಲ ಎಂದುಕೊಂಡು ಹೊಸತೊಂದನ್ನು ತೆಗೆದ. ಬೈಗುಳ ಎಲ್ಲಿ ನಿಂತಿತ್ತೋ ಅಲ್ಲಿಂದ ಮುಂದುವರಿಯಿತು.

ಮರುದಿನ ಸಂಜೆ ಕ್ಲಾರೆನ್ಸ್ ಎಂದಿನಂತೆ ಕ್ಲಬ್ಬಿನ ರಿವಾಲ್ವರ್ ತೆಗೆದುಕೊಂಡು ಒಳಗಿನ ಹಾಲಿಗೆ ಹೋದ. ಗುರಿಯಿಟ್ಟು ಕುದುರೆ ಎಳೆದ. ಢಂ ಅನ್ನಬೇಕಾದದ್ದು ಟಪ್ ಅಂದಿತು. ಇನ್ನೊಬ್ಬನಾಗಿದ್ದರೆ ಮತ್ತೊಂದು ಸಲ ಎಳೆಯುತ್ತಿದ್ದ. ಮತ್ತೊಂದು ತೋಟೆಯಲ್ಲಿ ನಿಜವಾಗಿ ಮದ್ದಿದ್ದಿದ್ದರೆ, ನಳಿಗೆ ಸೀಳಿ ಅವನ ಕೈಯೋ ಮುಖವೋ ಹೋಗುತ್ತಿತ್ತು. ಕ್ಲಾರೆನ್ಸ್ ತಿಳಿದವನು, ಅಲ್ಲೇ ನಿಂತ. ಬಿಚ್ಚಿ ನೋಡಿದರೆ, ಕೇಪಿನ ಕಿಡಿಯಷ್ಟೇ ತಳ್ಳಿದ ಗುಂಡು ನಳಿಗೆಯ ಮಧ್ಯದಲ್ಲಿ ಸಿಕ್ಕಿಕೊಂಡಿದೆ. ಪೆಟ್ಟಿಗೆಯ ಉಳಿದ ತೋಟೆಗಳನ್ನು ಒಡೆಸಿದ. ಕೇಪು ಇದೆ, ಗುಂಡು ಇದೆ. ಮದ್ದು ಒಂದರಲ್ಲೂ ಇಲ್ಲ.

ಇಬ್ಬರನ್ನೂ ಆಫೀಸಿಗೆ ಕರೆಸಿದ. ಮುಖ ಬಿಳುಚಿಕೊಂಡಿತ್ತು, ಧ್ವನಿ ಏರಿರಲಿಲ್ಲ. ಅದೇ ಹೆದರಿಕೆ ಹುಟ್ಟಿಸಿತು.

“ಹೂ ಡಿಡ್ ದಿಸ್?”

ಶಾಮಸುಂದರ ಒಂದು ಹೆಜ್ಜೆ ಮುಂದೆ ಬಂದ. “ಸಾರ್, ಅಣ್ಣ ಆಯ್ತು ಅಂದ್ರು, ನಾನು ಗುಂಡು ಕೂರಿಸ್ದೆ. ಬಾಗ್ಲತ್ರ ನಿಂತ್ಕೊಂಡು ಎರಡು ಸಲ ಕೂಗಿದ್ರು. ಮರ್ದ್ ಪಾಡ್ದ್ ಆಂಡ್ ಅಂತ.”

ಕೊರಗಪ್ಪಣ್ಣನಿಗೆ ಆ ಕ್ಷಣದಲ್ಲೇ ಎಲ್ಲ ಹೊಳೆಯಿತು. ಫೋನು, ಹೆಂಡತಿ, ಕಣ್ಣಿನ ಮದ್ದು. ಬಾಯಿ ತೆರೆದರೆ ಬರಬೇಕಾದ ಮಾತು ಒಂದೇ. ಬಂದದ್ದು ಇನ್ನೊಂದು.

“ನಾನು ಹಾಗೆ ಹೇಳ್ಲೇ ಇಲ್ಲ.”

ಶಾಮಸುಂದರ ತಿರುಗಿ ಅವನ ಮುಖ ನೋಡಿದ. ಜಗಳಕ್ಕೆ ನಿಲ್ಲಲಿಲ್ಲ. ನಿಯಮದ ಪ್ರಕಾರ ಟಾರ್ಚು ಬಿಟ್ಟೆಯಾ ಎಂದು ಕ್ಲಾರೆನ್ಸ್ ಕೇಳಿದಾಗ ಇಲ್ಲವೆಂದು ಒಪ್ಪಿಕೊಂಡ. ಟಾರ್ಚು ಯಾಕೆ ಡ್ರಾಯರು ಸೇರಿತ್ತು ಎಂಬುದನ್ನು ಅವನು ಹೇಳಲಿಲ್ಲ. ಹೇಳಬೇಕಾದವನೂ ಹೇಳಲಿಲ್ಲ. ಶಾಮಸುಂದರನಿಗೆ ಮನೆಗೆ ಹೋಗು, ಖಲಾಸ್, ವೀಸಾ ಕ್ಯಾನ್ಸಲ್ ಕಾಗದಕ್ಕೆ ಸಹಿ ಹಾಕುವುದಕ್ಕೆ ಕರೆಸುತ್ತೇವೆ ಎಂದರು. ಅವನ ಹೆಂಡತಿ ಮಾನಸ ಊರಿನಿಂದ ಬಂದು ಇನ್ನೂ ಮೂಟೆ ಬಿಚ್ಚಿ ಮುಗಿದಿರಲಿಲ್ಲ.

ಕೊರಗಪ್ಪಣ್ಣ ಒಬ್ಬನೇ ಮದ್ದಿನ ಕೋಣೆಯಲ್ಲಿ ಕುಳಿತ. ಬೈಯುವುದಕ್ಕೂ ಎದುರಿಗೆ ಆಸಾಮಿ ಬೇಕು. ಡಬ್ಬಿಯನ್ನು ಬೈದ, ಕ್ಲಾರೆನ್ಸನನ್ನು ಬೈದ. ಎರಡು ಬೇರೆ ಸಂಗತಿಗೆ ಒಂದೇ ಶಬ್ದ ಮಾಡಿಟ್ಟ ಹಿರಿಯರನ್ನು ಬೈದ. ರೋಗ ಗುಣ ಮಾಡುವುದೂ ಮದ್ದು, ಜೀವ ತೆಗೆಯುವುದೂ ಮದ್ದು! ಎಲ್ಲರನ್ನೂ ಬೈದು ಮುಗಿದ ಮೇಲೂ ಒಬ್ಬ ಉಳಿದ. ಆ ಒಬ್ಬನನ್ನು ಬೈಯುವ ಧೈರ್ಯ ಬರಲಿಲ್ಲ.

ಹೆಂಡತಿಗೆ ಹೇಳಿದ. ಅವಳು ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟಳು. ಮನೆಯೊಳಗಿನ ಮಾತೆಲ್ಲ ತುಳುವೇ, ಕನ್ನಡದಲ್ಲಿ ಅದು ಹೀಗಿತ್ತು:

“ನಿಮ್ಮ ಕಣ್ಣು ಕೆಟ್ಟಿದೆ ಅಂತ ನಾನು ಯಾರ ಹತ್ತಿರವೂ ಅಂದವಳಲ್ಲ. ಆದರೆ ಮುಖ ನೋಡಿಕೊಂಡೇ ಆ ಹುಡುಗನಿಗೆ ಹೀಗೆ ಮಾಡಿದಿರಲ್ಲ, ಅದು ಕಣ್ಣು ಕೆಟ್ಟದ್ದಕ್ಕಾ?”

ಮರುದಿನ ಅವಳು ಅವನಿಗೆ ಬುತ್ತಿ ಕಟ್ಟಲಿಲ್ಲ.

ಸಹಿಗೆಂದು ಶಾಮಸುಂದರನನ್ನು ಕರೆಸಿದ ದಿನ ಕೊರಗಪ್ಪಣ್ಣ ತಾನಾಗಿಯೇ ಆಫೀಸಿನ ಬಾಗಿಲು ತಳ್ಳಿ ಒಳಗೆ ಹೋದ. ಹೇಳಿಬಿಡಬೇಕು ಎಂದೇ ಹೋದ. ಪೂರ್ತಿ ಹೇಳಬಾರದು ಎಂದೂ ನಿಶ್ಚಯಿಸಿಕೊಂಡಿದ್ದ. ಶಾಮಸುಂದರನೂ ಉಳಿಯಬೇಕು, ತನ್ನ ಕೋಣೆಯೂ ಉಳಿಯಬೇಕು.

“ಸಾರ್, ಆ ದಿನ ನಾನು ಕೂಗಿದ್ದು ಹೌದು. ಆದ್ರೆ ಅದು ಹೆಂಡತಿಗೆ ಹೇಳಿದ್ದು, ಫೋನಲ್ಲಿ. ಇವನಿಗಲ್ಲ. ನಮ್ಮಲ್ಲಿ ಪೌಡರಿಗೂ ಮರ್ದ್ ಹೇಳ್ತಾರೆ, ಮೆಡಿಸಿನಿಗೂ ಮರ್ದ್ ಹೇಳ್ತಾರೆ. ಸೇಮ್ ವರ್ಡ್ ಸಾರ್.”

ಕ್ಲಾರೆನ್ಸ್ ಹುಬ್ಬು ಗಂಟಿಕ್ಕಿದ. “ಮೆಡಿಸಿನ್? ಕಾರ್ಟ್ರಿಜ್ ಒಳಗೆ ಮೆಡಿಸಿನ್ ಹಾಕಿದ್ದಾ?”

“ಅಯ್ಯೋ ಅಲ್ಲ ಸಾರ್!” ಕೊರಗಪ್ಪಣ್ಣ ಮತ್ತೆ ಮೊದಲಿನಿಂದ ಹೇಳಿದ. ಹಿಂದಿಯಲ್ಲಿ ಹೇಳಿದ. ಕೈ ಸನ್ನೆಯಲ್ಲಿ ಹೇಳಿದ. ಕಿವಿಗೆ ಫೋನು ಹಿಡಿದ ಹಾಗೆ ಮಾಡಿ, ಬಾಗಿಲಲ್ಲಿ ನಿಂತ ಹಾಗೆ ಮಾಡಿ ತೋರಿಸಿದ. ನಮ್ಮವನೇ ಆಗಿ ನಮ್ಮ ಒಂದು ಶಬ್ದ ತಿಳಿಯದವನ ಎದುರು ಹೀಗೆ ಕುಣಿಯಬೇಕಲ್ಲ ಎಂದು ಮೈಯೆಲ್ಲ ಉರಿಯಿತು. ಕಡೆಗೆ ಕ್ಲಾರೆನ್ಸನಿಗೆ ಅರ್ಥವಾಯಿತು. ಅರ್ಥವಾದ ಕೂಡಲೇ ಅವನು ಕೇಳಬೇಕಾದದ್ದನ್ನೇ ಕೇಳಿದ.

“ಓಕೆ. ಏನು ಮೆಡಿಸಿನ್?”

“ಶುಗರಿಂದು ಸಾರ್,” ಎಂದ ಕೊರಗಪ್ಪಣ್ಣ ತಡಮಾಡದೆ. “ಸಣ್ಣ ಗುಳಿಗೆ. ಎಲ್ಲರಿಗೂ ಇರ್ತದಲ್ಲ.”

ಕ್ಲಾರೆನ್ಸ್ ಕುರ್ಚಿಗೆ ಒರಗಿದ. ಸಂಗತಿ ಮುಗಿದಂತೆಯೇ ಇತ್ತು. ಪಕ್ಕದಲ್ಲಿ ನಿಂತಿದ್ದ ಶಾಮಸುಂದರನ ಮುಖ ಅರಳಿತ್ತು, ಕೆಲಸ ಉಳಿಯಿತಲ್ಲ ಎಂಬ ಸಂತೋಷ. ಅದೇ ಸಂತೋಷದಲ್ಲಿ, ಮನಸ್ಸಿನಲ್ಲಿ ಒಂದಿಷ್ಟೂ ಕಲ್ಮಶವಿಲ್ಲದೆ, ಪಾಠ ಒಪ್ಪಿಸುವ ಮಗುವಿನ ಹಾಗೆ ಅಂದುಬಿಟ್ಟ:

“ಆದ್ರೆ ಅಣ್ಣ, ಗುಳಿಗೆ ಆದ್ರೆ ಪಾಡುನಿ ಬರಲ್ವಲ್ಲ? ತಿನ್ಪುನಿ ಅನ್ಬೇಕು. ತಿನ್ನೋದು ಬೇರೆ, ಹಾಕೋದು ಬೇರೆ ಅಂತ ನೀವೇ ತಾನೆ ಹೇಳ್ಕೊಟ್ಟಿದ್ದು?”

ತಾನು ಏನು ಅಂದೆ ಎಂದು ಶಾಮಸುಂದರನಿಗೆ ಆಮೇಲೆ ತಿಳಿದಿರಬೇಕು, ಬಾಯಿ ಅರ್ಧ ತೆರೆದೇ ಉಳಿಯಿತು. ಕ್ಲಾರೆನ್ಸ್ ಒಬ್ಬರಿಂದ ಒಬ್ಬರಿಗೆ ದೃಷ್ಟಿ ಹೊರಳಿಸಿ ಕೇಳಿದ: “ಹಾಕೋದು ಅಂದ್ರೆ? ಎಲ್ಲಿ ಹಾಕೋದು?”

ಕೊರಗಪ್ಪಣ್ಣನಿಗೆ ಶಾಮಸುಂದರನ ಮೇಲೆ ಕೆಂಡದಂಥ ಸಿಟ್ಟು ಬಂತು. ತಾನೇ ಕಲಿಸಿದ ತುಳು! ಇಷ್ಟು ವರ್ಷದಲ್ಲಿ ಒಂದು ಸಲವಾದರೂ ತಪ್ಪಾಗಿ ಕಲಿತಿದ್ದರೆ ಆಗುತ್ತಿರಲಿಲ್ಲವೇ? ಆದರೆ ಸಿಟ್ಟು ಎಷ್ಟು ಬೇಗ ಬಂತೋ ಅಷ್ಟೇ ಬೇಗ ಸೋತುಹೋಯಿತು.

“ಕಣ್ಣಿಗೆ ಸಾರ್,” ಎಂದ. “ಕಣ್ಣಿಗೆ ಹಾಕುದು. ನನಗೆ ಕೇಸಿನ ತಳ ಕಾಣುದಿಲ್ಲ. ತುಂಬಾ ಸಮಯ ಆಯ್ತು. ಟಾರ್ಚು ಬೇಡ ಹೇಳಿ ಇವನಿಗೆ ಬೈದದ್ದೂ ನಾನೇ. ಇವನದ್ದು ಎಂತದೂ ತಪ್ಪಿಲ್ಲ.”

ಶಾಮಸುಂದರನ ಕೆಲಸ ಉಳಿಯಿತು. ಕೊರಗಪ್ಪಣ್ಣನನ್ನೂ ಕ್ಲಾರೆನ್ಸ್ ಕಳಿಸಲಿಲ್ಲ, ಹೊರಗಿನ ಮೈದಾನಕ್ಕೆ ಹಾಕಿದ. ಅವೇ ಹಳೆಯ ಯಂತ್ರಗಳು, ಅದೇ ಎಣ್ಣೆ ಡಬ್ಬಿ, ಅದೇ ಬಿಸಿಲು. ಉಪಕಾರ ಮಾಡಿದೆ ಎಂದು ಅವನು ತಿಳಿದಿರಬಹುದು. ಕೊರಗಪ್ಪಣ್ಣನಿಗೆ ಮಾತ್ರ ಹತ್ತಿದ ಏಣಿಯನ್ನು ಎಲ್ಲರ ಎದುರು ಹಿಮ್ಮುಖವಾಗಿ ಇಳಿದಷ್ಟು ಅವಮಾನವಾಯಿತು. ಸ್ಪ್ಯಾನರು ಜಾರಿದರೆ ಯಂತ್ರಕ್ಕೆ ಬೈದ, ಯಂತ್ರ ಸರಿಯಿದ್ದರೆ ಬಿಸಿಲಿಗೆ ಬೈದ.

ಒಂದು ದಿನ ಶಾಮಸುಂದರ ಅಲ್ಲಿಗೇ ಹುಡುಕಿಕೊಂಡು ಬಂದ. ಲೋಡಿಂಗ್ ರೂಮ್ ಈಗ ಅವನ ಕೈಯಲ್ಲಿತ್ತು.

“ಕೊರಗಪ್ಪಣ್ಣ, ಹೊಸ ಪರ್ಮಿಟ್ ಬರೀತಾ ಇದ್ದಾರೆ. ಯಾವ ಮದ್ದು, ಯಾವ ಗುಂಡು ಬೇಕೋ ನಿಮ್ಮನ್ನೇ ಕೇಳ್ಕೊಂಡು ಬಾ ಅಂದ್ರು ಸಾರು. ಏನ್ ಬರೆಸ್ಲಿ?”

ಈ ಪ್ರಶ್ನೆಯನ್ನು ಯಾರಾದರೂ ಕೇಳಲಿ ಎಂದು ಕೊರಗಪ್ಪಣ್ಣ ವರ್ಷಗಟ್ಟಲೆ ಕಾದಿದ್ದ. ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಬಾಯಿ ಬಿಡುವಾಗ ಒಂದು ಅನುಮಾನ ಎದ್ದಿತು. ಗುರಿ ನಿಲ್ಲುವುದಿಲ್ಲ ಎಂದು ತಾನು ಬೈದ ಆ ಮದ್ದು, ಆ ಗುಂಡು, ಅವನ್ನು ಹೊಡೆದು ನೋಡಿದ್ದು ಯಾರ ಕಣ್ಣು?

“ಹಳೇ ಮದ್ದಿನ ತೋಟೆ ಉಂಟಾ?” ಎಂದು ಕೇಳಿದ. “ತಾ. ನಾನು ಹೊಡೆಯುದಿಲ್ಲ. ನೀನು ಹೊಡೆ.”

ಕ್ಲಾರೆನ್ಸನ ಒಪ್ಪಿಗೆ ಪಡೆದು ಇಬ್ಬರೂ ಒಳಗಿನ ಹಾಲಿಗೆ ಹೋದರು. ನುಣ್ಣನೆಯ ಮದ್ದು, ಯಾರೂ ಕೇಳದ ತೂಕದ ಆ ಚೂಪು ಮೂಗಿನ ಗುಂಡು. ಶಾಮಸುಂದರ ರಿವಾಲ್ವರನ್ನು ಮರಳಿನ ಚೀಲದ ಮೇಲಿಟ್ಟು, ನಿಧಾನವಾಗಿ, ಆರೂ ಹೊಡೆದ. ಗುಂಡಿ ಒತ್ತಿದಾಗ ಕಾಗದ ತಂತಿಯ ಮೇಲೆ ತೇಲುತ್ತ ಹತ್ತಿರ ಬಂತು.

“ಹೇಗುಂಟು?” ಕೊರಗಪ್ಪಣ್ಣ ಕೇಳಿದ.

ಶಾಮಸುಂದರ ಕಾಗದ ನೋಡಿದ, ಅಣ್ಣನ ಮುಖ ನೋಡಿದ. “ಚದುರಿದೆ ಅಣ್ಣ. ನೀವು ಹೇಳ್ತಿದ್ದದ್ದು ಸರಿ.”

ಕೊರಗಪ್ಪಣ್ಣ ಮುಂದೆ ಹೋಗಿ ಕಾಗದದ ಮೇಲೆ ಬೆರಳಾಡಿಸಿದ. ಎಲ್ಲೆಲ್ಲೂ ನುಣುಪು. ನಡುವಿನಲ್ಲಿ ಮಾತ್ರ ಒಂದು ಹರಿದ ತೂತು, ಹೆಬ್ಬೆರಳು ಹೋಗುವಷ್ಟು. ಆರೂ ಗುಂಡು ಅದರೊಳಗೇ ಹೋಗಿದ್ದವು.

ಎಷ್ಟು ಬೈದಿದ್ದೆ ಇದನ್ನು! ಎಷ್ಟು ಜನರ ಹತ್ತಿರ ಜಗಳ ಕಾಯ್ದೆ, ಎಷ್ಟು ಡಬ್ಬಿ ಮದ್ದು ಸುಟ್ಟೆ! ನಾಚಿಕೆಯೂ ದುಃಖವೂ ಒಟ್ಟಿಗೇ ಬಂದವು. ಮದ್ದಿನ ಕೋಣೆ ಹೋದಾಗಲೂ ಇಷ್ಟು ನೋವಾಗಿರಲಿಲ್ಲ. ಬಲಗಣ್ಣು ಮುಚ್ಚಿ ನೋಡಿದ, ಎಡಗಣ್ಣು ಮುಚ್ಚಿ ನೋಡಿದ. ತೂತು ಮಂಜಿನಲ್ಲಿ ಅಲ್ಲಾಡಿತು.

ಶಾಮಸುಂದರ ಮೆಲ್ಲಗೆ ಹತ್ತಿರ ಬಂದು ನಿಂತ. “ಬೇಜಾರ್ ಮಾಡ್ಕೋಬೇಡಿ ಅಣ್ಣ. ಹಾಗಾದ್ರೆ ಇದೇ ಇರ್ಲಿ ಅಂತ ಬರೆಸ್ಲಾ?”

“ಗುಂಡು ಇದೇ ಇರ್ಲಿ,” ಎಂದ ಕೊರಗಪ್ಪಣ್ಣ, ಬೆರಳನ್ನು ತೂತಿನಿಂದ ತೆಗೆಯದೆ. “ಮದ್ದು ಮಾತ್ರ ಉಬ್ಬುಮದ್ದೇ ಬರೆಸು. ಹಾಕಿದ್ರೆ ಕಾಣ್ಬೇಕು, ಹಾಕದಿದ್ರೂ ಕಾಣ್ಬೇಕು. ನಿನ್ನ ಕಣ್ಣಿಗೂ ವಯಸ್ಸಾಗ್ತದೆ ಮಾರಾಯ.”